ಅವರು ಖಾಲಿ ಬಿಟ್ಟ ಮಾತುಗಳು

ನಮ್ಮ ಮನೆಯವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಯಾವುದೋ ಕಾಗದ ಹುಡುಕುತ್ತಾ ಅವರ ಮೇಜಿನ ಡ್ರಾಯರ್ ಎಳೆದೆ. ಒಳಗೆ ನಾಲ್ಕು ದಪ್ಪ ನೋಟ್‌ಬುಕ್ಕುಗಳಿದ್ದವು. ಅವುಗಳ ಕೆಳಗೆ, ಮೇಲಿನ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ. ಆ ಪುಸ್ತಕ ನನಗೆ ಹೊಸದಲ್ಲ. ಮದುವೆಯಾದ ಮೂರನೇ ವರ್ಷದಿಂದ ಅದು ನಮ್ಮ ಮನೆಯಲ್ಲೇ ಇತ್ತು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಅರಬ್ಬಿ ಪದ್ಯಗಳನ್ನು ಯಾರೋ ಇಂಗ್ಲಿಷಿಗೆ ತಂದಿದ್ದ ಪುಸ್ತಕ ಅದು. ಅದನ್ನು ಅವರು ಕನ್ನಡಕ್ಕೆ ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಎಷ್ಟು ಮಾಡಿದ್ದಾರೆ, ಹೇಗೆ ಮಾಡಿದ್ದಾರೆ ಎಂಬುದು ಗೊತ್ತಿರಲಿಲ್ಲ. ಅವರು ತೋರಿಸಿರಲಿಲ್ಲ.

ತೋರಿಸದೇ ಇದ್ದುದಕ್ಕೆ ಕಾರಣ ನಾನೇ ಎಂದು ಬಹಳ ವರ್ಷ ತಿಳಿದಿದ್ದೆ. ನಾನು ಮಧುಗಿರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಅವರು ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮಧುಗಿರಿಗೆ ಬಂದ ಹೊಸದರಲ್ಲಿ ಒಂದು ಪದ್ಯವನ್ನು ಕನ್ನಡ ಮಾಡಿ, ಖುಷಿಯಿಂದ ನನ್ನ ಕೈಗೆ ಕೊಟ್ಟಿದ್ದರು. ನಾನಾಗ ಮಕ್ಕಳ ಕಾಂಪೊಸಿಷನ್ ಪುಸ್ತಕ ತಿದ್ದುತ್ತಾ ಕೂತಿದ್ದೆ. ಕೈಯಲ್ಲಿ ಕೆಂಪು ಪೆನ್ನಿತ್ತು. ಅದೇ ಪೆನ್ನಿನಲ್ಲಿ ಅವರ ಹಾಳೆಯ ಮೇಲೂ ಎರಡು ಕಡೆ ಗೀಟು ಎಳೆದು, ಒಂದು ಒತ್ತಕ್ಷರ ಸರಿಮಾಡಿ ವಾಪಸು ಕೊಟ್ಟೆ. ಅವರು ನಕ್ಕರು. "ಪಾಸಾದ್ನಾ?" ಎಂದು ಕೇಳಿದರು. ನಾನೂ ನಕ್ಕೆ. ಆಮೇಲೆ ಅವರು ಒಂದು ಹಾಳೆಯನ್ನೂ ನನ್ನ ಮುಂದೆ ಇಡಲಿಲ್ಲ. ನಾನೂ ಕೇಳಲಿಲ್ಲ.

ಆ ಕೆಲಸ ಶುರುವಾದದ್ದು ಅದಕ್ಕೂ ಮೊದಲು, ಪಾವಗಡದಲ್ಲಿ. ಅವರ ಮೊದಲ ನೌಕರಿ ಅಲ್ಲಿ. ಮಧುಗಿರಿಯ ಪೇಟೆಯಲ್ಲಿ, ಅಂಗಡಿಯವರ ಮನೆಯಲ್ಲಿ ಬೆಳೆದ ಅವರಿಗೆ ಪಾವಗಡದ ಬಿಸಿಲು, ಬಂಡೆ, ಜಾಲಿ ಗಿಡ ಎಲ್ಲ ಬೇರೆ ದೇಶದ ಹಾಗೆ ಕಾಣುತ್ತಿದ್ದವು. ನಾನು ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯವಳು, ಹೊಲ ದನ ಕಂಡವಳು, ಆದರೂ ಆ ಊರಿಗೆ ಹೊಂದಿಕೊಳ್ಳುವುದು ನನಗೂ ಕಷ್ಟವಾಯಿತು. ನಮ್ಮ ಮಗು ಹುಟ್ಟಿದ್ದು ಅಲ್ಲೇ. ಹೆಣ್ಣುಮಗು. ಹನ್ನೊಂದು ದಿನ ಇತ್ತು. ಹೆಸರಿಡುವುದಕ್ಕೆ ಒಂದು ದಿನ ಗೊತ್ತುಮಾಡಿದ್ದೆವು, ಅಷ್ಟರೊಳಗೆ ಹೋಯಿತು. ಮಣ್ಣುಮಾಡಿ ಬಂದ ಸಂಜೆ ಅವರು ನನ್ನ ಪಕ್ಕ ಬಂದು ಕೂತು, ಏನೋ ಹೇಳಲು ಬಾಯಿ ತೆರೆದರು. ನಾನು ಎದ್ದು ಒಳಗೆ ಹೋದೆ. ಮತ್ತೆ ಮಕ್ಕಳಾಗಲಿಲ್ಲ. ಆ ಹನ್ನೊಂದು ದಿನದ ಬಗ್ಗೆ ನಾವಿಬ್ಬರೂ ಮುಂದೆಂದೂ ಮಾತಾಡಲಿಲ್ಲ.

ಅದಾದ ಕೆಲವು ತಿಂಗಳಿಗೆ ಅವರು ಬೆಂಗಳೂರಿಗೆ ಪೇಪರ್ ತಿದ್ದಲು ಹೋದಾಗ, ಫುಟ್‌ಪಾತಿನಲ್ಲಿ ಈ ಪುಸ್ತಕ ಸಿಕ್ಕಿತು. ಹೊತ್ತು ಕಳೆಯಲು ತಂದರೋ, ಮನೆಯಲ್ಲಿ ಮೌನ ತಡೆಯಲಾರದೆ ತಂದರೋ ಗೊತ್ತಿಲ್ಲ. ಸಾಯಂಕಾಲ ಕಾಲೇಜಿನಿಂದ ಬಂದವರೇ ಅದನ್ನು ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದರು. ಒಂದು ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಲಸಮುದ್ರದ ಕಡೆಗೆ ಹೊರಟರು. ಯಾಕೆಂದು ಹೇಳಲಿಲ್ಲ. ಊರಾಚೆ ಒಂದು ಬಯಲಿನಲ್ಲಿ ನಿಲ್ಲಿಸಿ, "ಇಳಿ, ಒಂದು ನೋಡಬೇಕು" ಎಂದರು. ಅಲ್ಲಿ ಏನೂ ಇರಲಿಲ್ಲ. ಕುರಿ ಕಾಯುವವರು ಮಂದೆ ಹಾಕಿ ಎದ್ದು ಹೋಗಿದ್ದ ಜಾಗ. ಹಿಕ್ಕೆ, ಮುಳ್ಳುಬೇಲಿಯ ಚೂರು, ಮೂರು ಒಲೆಗಲ್ಲು, ನಡುವೆ ಬೂದಿ. ಅಲ್ಲೇ ಸೌದೆ ಆರಿಸುತ್ತಿದ್ದ ಒಬ್ಬ ಮುದುಕನನ್ನು ಇವರು ಕೇಳಿದರು, ಇಲ್ಲಿದ್ದವರು ಎಲ್ಲಿಗೆ ಹೋದರು ಎಂದು.

"ಪೊದ್ದುನ್ನೇ ಪೋಯಿನಾರು ಸಾರ್," ಎಂದ ಅವನು ತೆಲುಗಿನಲ್ಲಿ, ಬೆಳಿಗ್ಗೆಯೇ ಹೋದರು ಎಂದು. "ಕಲ್ಯಾಣದುರ್ಗದ ಕಡೆಕ್ಕೋದ್ರು. ಮಳೆ ಬಿದ್ರೆ ಬತ್ತಾರೆ, ಇಲ್ದಿದ್ರೆ ಇಲ್ಲ."

ಇವರು ಕೂತು ಒಲೆಗಲ್ಲನ್ನು ಮುಟ್ಟಿ ನೋಡಿದರು. "ಇನ್ನೂ ಬೆಚ್ಚಗಿದೆ ಕಣೆ" ಎಂದರು. ಆಮೇಲೆ ಹೇಳಿದರು: ಆ ಪುಸ್ತಕದ ಎಷ್ಟೋ ಪದ್ಯಗಳು ಹೀಗೆಯೇ ಶುರುವಾಗುತ್ತವಂತೆ. ಕವಿ ಒಂಟೆಯ ಮೇಲೆ ಬರುತ್ತಾನೆ, ತನಗೆ ಬೇಕಾದವರು ಗುಡಾರ ಎತ್ತಿಕೊಂಡು ಹೋಗಿರುತ್ತಾರೆ, ಅವನಿಗೆ ಕಲ್ಲು ಬೂದಿ ಮಾತ್ರ ಸಿಗುತ್ತದೆ. "ನಮ್ಮ ಕನ್ನಡದಲ್ಲಿ ಇದಕ್ಕೆ ಮಾತು ಹುಡುಕಬೇಕಾಗೇ ಇಲ್ಲ. ಮಾತು ಇಲ್ಲೇ ಬಿದ್ದಿವೆ" ಎಂದರು. ಮಗು ಹೋದಮೇಲೆ ಅವರ ಮುಖದಲ್ಲಿ ಬೆಳಕು ಕಂಡದ್ದು ಅವತ್ತೇ ಮೊದಲು. ನಾನು ಬಿಸಿಲಾಯಿತು, ಮನೆಗೆ ಹೋಗೋಣ ಎಂದೆ.

ಈಗ ಬಲಸಮುದ್ರದ ಆ ಕಡೆಯೆಲ್ಲ ಸೋಲಾರ್ ಹಲಗೆಗಳು. ಕಣ್ಣು ಹಾಯುವ ತನಕ ಒಂದೇ ಬಣ್ಣ. ಹೋದ ವರ್ಷ ಬಸ್ಸಿನಿಂದ ನೋಡಿದೆ. ಯಾವ ಬಯಲು ಎಂದು ಗುರುತು ಹಿಡಿಯಲಾಗಲಿಲ್ಲ.

ನಾಲ್ಕು ನೋಟ್‌ಬುಕ್ಕುಗಳನ್ನು ಓದಲು ನನಗೆ ಒಂದು ತಿಂಗಳು ಹಿಡಿಯಿತು. ದಿನಕ್ಕೆ ಎರಡು ಮೂರು ಪುಟಕ್ಕಿಂತ ಹೆಚ್ಚು ಓದಲಾಗುತ್ತಿರಲಿಲ್ಲ. ಕೈಬರಹ ಅವರದು, ಓದುತ್ತಿದ್ದರೆ ದನಿಯೂ ಅವರದೇ ಕೇಳುತ್ತಿತ್ತು. ಚೆನ್ನಾಗಿ ಮಾಡಿದ್ದರು. ಇದನ್ನು ಹೆಂಡತಿಯಾಗಿ ಹೇಳುತ್ತಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಾಗಿ ಹೇಳುತ್ತಿದ್ದೇನೆ. ಆದರೆ ಅಲ್ಲಲ್ಲಿ ಒಂದು ಮಾತಿನಷ್ಟು ಜಾಗ ಖಾಲಿ ಬಿಟ್ಟು, ಕೆಳಗೆ ಗೆರೆ ಎಳೆದಿದ್ದರು. ಇಂಗ್ಲಿಷ್ ಮಾತು ಅವರಿಗೆ ಸಾಲದೆ ಹೋದ ಕಡೆ ಹಾಗೆ ಮಾಡಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಇಂಗ್ಲಿಷಿನವನು ಎಲ್ಲ ಕಡೆಯೂ ಮೋಡ ಅಂತಲೇ ಹಾಕಿದ್ದಾನೆ, ಅರಬ್ಬಿಯಲ್ಲಿ ಒಂದೇ ಮೋಡ ಇರಲಾರದು" ಎಂಬಂಥ ಟಿಪ್ಪಣಿಗಳು. ಎಣಿಸಿದೆ. ನಲವತ್ತೊಂದು ಕಡೆ ಖಾಲಿ ಇತ್ತು.

ಅವನ್ನು ತುಂಬಿಸಬೇಕು ಅನ್ನಿಸಿತು. ಪುಸ್ತಕ ಮಾಡಿಸಬೇಕೆಂಬ ಆಸೆಯಿಂದಲ್ಲ. ಗೆರೆ ಎಳೆದ ಆ ಖಾಲಿ ಜಾಗಗಳು ಕಣ್ಣಿಗೆ ಬಿದ್ದಾಗಲೆಲ್ಲ ಯಾರೋ ಮಾತಿನ ನಡುವೆ ಎದ್ದು ಹೋದ ಹಾಗಾಗುತ್ತಿತ್ತು. ನಮ್ಮ ಶಾಲೆಯಲ್ಲಿ ಹಿಂದೆ ಇದ್ದ ಉರ್ದು ಟೀಚರಿಗೆ ಫೋನ್ ಮಾಡಿದೆ. ಅವರು ಶಿರಾದಲ್ಲಿ ತಮ್ಮ ದೂರದ ಚಿಕ್ಕಪ್ಪ ಒಬ್ಬರಿದ್ದಾರೆ, ಮದರಸಾದಲ್ಲಿ ನಲವತ್ತು ವರ್ಷ ಅರಬ್ಬಿ ಹೇಳಿಕೊಟ್ಟವರು, ಈಗ ಮನೆಯಲ್ಲೇ ಇದ್ದಾರೆ ಎಂದರು.

ಹೀಗೆ ಒಂದು ಭಾನುವಾರ ಬೆಳಿಗ್ಗೆ ಶಿರಾ ಬಸ್ಸು ಹತ್ತಿದೆ. ಮನೆ ಪೇಟೆಯ ಒಳಗೆ, ಕಿರಿದಾದ ಓಣಿಯಲ್ಲಿತ್ತು. ಆ ಅರಬ್ಬಿ ಮೇಷ್ಟ್ರಿಗೆ ಎಂಬತ್ತರ ಹತ್ತಿರ. ಬಿಳಿ ಗಡ್ಡ, ದಪ್ಪ ಕನ್ನಡಕ, ಮೈ ಸಣ್ಣಗೆ ನಡುಗುತ್ತಿತ್ತು, ದನಿ ಮಾತ್ರ ಗಟ್ಟಿ. ನಾನು ಬಂದ ಕೆಲಸ ಹೇಳಿದೆ. ಇಂಗ್ಲಿಷ್ ಪುಸ್ತಕದ ಕೊನೆಯಲ್ಲಿ ಒಂದೊಂದು ಪದ್ಯದ ಅರಬ್ಬಿ ಮೊದಲ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟಿದ್ದರು. ಅದನ್ನು ನನಗೆ ಬಂದ ಹಾಗೆ ಓದಿದೆ. ಮೂರನೇ ಮಾತಿಗೆ ಅವರು ಕೈಯೆತ್ತಿ ನಿಲ್ಲಿಸಿದರು. ಕಣ್ಣು ಮುಚ್ಚಿ, ಅದೇ ಸಾಲನ್ನು ತಾವು ಹೇಳಿ, ಮುಂದಿನದನ್ನೂ ಅದರ ಮುಂದಿನದನ್ನೂ ಹೇಳುತ್ತಾ ಹೋದರು. ನಾನು ಏನು ಓದಿದ್ದೆನೋ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡಿಗೆ ಇರುವಂಥ ಒಂದು ತೂಗು ಅದರಲ್ಲಿತ್ತು. ನಮ್ಮ ಮನೆಯವರು ಮೂವತ್ತು ವರ್ಷ ಆ ಪದ್ಯಗಳ ಜೊತೆ ಇದ್ದರು, ಒಂದು ಸಲವೂ ಅದರ ದನಿ ಕೇಳಿರಲಿಲ್ಲ. ಅದನ್ನು ನೆನೆದು ಸೆರಗು ಕಣ್ಣಿಗೆ ಒತ್ತಿಕೊಂಡೆ.

ಮೇಷ್ಟ್ರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿದರು. ಕಿತ್ತುಹೋದ ರಟ್ಟಿನ ಜಾಗಕ್ಕೆ ನಮ್ಮ ಮನೆಯವರು ಹಾಕಿದ್ದ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೆರಳಿನಿಂದ ಸವರಿದರು.

"ಟೀಚರಮ್ಮ, ನಿಮ್ಮನೆಯೋರು ಇಲ್ಲಿ ಶಿರಾ ಕಾಲೇಜಲ್ಲಿ ಇದ್ರಾ?"

"ನಾಲ್ಕು ವರ್ಷ ಇದ್ರು ಮೇಷ್ಟ್ರೇ. ಮಧುಗಿರಿಯಿಂದ ದಿನಾ ಬಸ್ಸಲ್ಲಿ ಓಡಾಡ್ತಿದ್ರು."

"ಎತ್ತರಕ್ಕಿದ್ರು, ಜರಾ ಬಗ್ಗಿ ನಡೀತಿದ್ರು?"

"ಹೌದು."

"ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ನೋಡಿದೀನಿ ಕಣಮ್ಮ. ದಿನಾ ಅದೇ ಮೂಲೇಲಿ ಕೂತ್ಕಂಡು ಟೀ ಕುಡಿಯೋರು, ಇದೇ ಕ್ಯಾಲೆಂಡರ್ ಹಾಕಿದ್ ಕಿತಾಬು ಓದೋರು. ಏನಪ್ಪ ಇಷ್ಟು ಓದ್ತಾರೆ, ಕೇಳ್ಬೇಕು ಅಂದ್ಕಂಡಿದ್ದೆ. ಕಾಲೇಜ್ ಲೆಕ್ಚರರ್ರು, ಹೆಂಗೆ ಮಾತಾಡ್ಸೋದು ಅಂತ ಸುಮ್ನಾಗ್ಬುಟ್ಟೆ."

ಒಳಗಿನಿಂದ ಅವರ ಹೆಂಡತಿ ಟೀ ತಂದಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಒಂದು ಸಲ ನಾನೇ ನಮ್ಮ ಮನೆಯವರಿಗೆ ಹೇಳಿದ್ದೆ, ಶಿರಾದಲ್ಲಿ ಅರಬ್ಬಿ ಬಲ್ಲವರು ಇದ್ದೇ ಇರುತ್ತಾರೆ, ಯಾರನ್ನಾದರೂ ಕೇಳಬಾರದೇ ಎಂದು. "ಮೂಲದ ಒಂದಕ್ಷರ ಬರದೋನು ಅನುವಾದ ಮಾಡ್ತಿದ್ದೀನಿ ಅಂತ ಯಾವ ಮುಖ ಹೊತ್ಕೊಂಡು ಹೋಗಲಿ?" ಎಂದಿದ್ದರು. ಎರಡು ಟೇಬಲ್ ಆಚೆ ಮೇಷ್ಟ್ರು ಕೂತಿರುತ್ತಿದ್ದರು ಎಂಬುದು ಅವರಿಗೆ ಗೊತ್ತಾಗಲೇ ಇಲ್ಲ.

ಆಮೇಲೆ ಎರಡು ವರ್ಷ, ಹಬ್ಬ ಹುಣ್ಣಿಮೆ ಬಿಟ್ಟು, ಪ್ರತಿ ಭಾನುವಾರ ಶಿರಾಕ್ಕೆ ಹೋದೆ. ಒಂದು ದಿನಕ್ಕೆ ಒಂದು ಮಾತು, ಎಷ್ಟೋ ಸಲ ಅದೂ ಇಲ್ಲ. ಮೇಷ್ಟ್ರು ಟ್ರಂಕಿನಿಂದ ತಮ್ಮ ಹಳೆಯ ಅರಬ್ಬಿ ಪುಸ್ತಕ ತೆಗೆದು, ಭೂತಗನ್ನಡಿ ಹಿಡಿದು ಹುಡುಕುತ್ತಿದ್ದರು. ಮೋಡದ ವಿಷಯದಲ್ಲಿ ನಮ್ಮ ಮನೆಯವರ ಅನುಮಾನ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಒಂದೇ ಮೋಡವಾಗಿದ್ದದ್ದು ಅರಬ್ಬಿಯಲ್ಲಿ ಬೇರೆ ಬೇರೆ ಇದ್ದವು. ಬೆಳಿಗ್ಗೆ ಬರುವುದು, ಬಿಳಿಯದು, ನೀರು ಹೊತ್ತು ಕೆಳಗೆ ಜೋತದ್ದು. "ಈ ಶಾಯರ್ ಹೇಳ್ತಿರೋದು ಬರೀ ಮೋಡ ಅಲ್ಲಮ್ಮ. ಸುರೀತೀನಿ ಅಂತ ಬಂದು ಸುರೀದೆ ಹೋಗೋದು. ನಿಮ್ ಕನ್ನಡದಾಗೆ ಏನಂತಾರೆ?" ಎಂದು ಕೇಳುತ್ತಿದ್ದರು. ನಾನು ಯೋಚಿಸಿ, ನಮ್ಮ ಊರಿನವರು ಹೇಳುವ ಹಾಗೆ ಹೇಳುತ್ತಿದ್ದೆ. ಅವರು ಅದನ್ನು ಎರಡು ಸಲ ತಾವೇ ಹೇಳಿಕೊಂಡು, "ಬರಾಬರ್" ಎನ್ನುತ್ತಿದ್ದರು, ಇಲ್ಲದಿದ್ದರೆ, "ಅಂಗಲ್ಲ, ಇನ್ನೂ ಹತ್ರ ಬನ್ನಿ" ಎನ್ನುತ್ತಿದ್ದರು. ಅವು ಒಳ್ಳೆಯ ಭಾನುವಾರಗಳು. ಹಿಂದಿರುಗುವಾಗ ಬಸ್ಸಿನಲ್ಲಿ ನನಗೇ ನಾಚಿಕೆಯಾಗುತ್ತಿತ್ತು. ಇದನ್ನು ನಾನು ಮಾಡಬೇಕಾಗಿದ್ದದ್ದು ನಮ್ಮ ಜಗಲಿಯ ಮೇಲೆ, ಅವರ ಜೊತೆ.

ಮೂವತ್ತಾರನೆಯದೋ ಮೂವತ್ತೇಳನೆಯದೋ ಇರಬೇಕು. ಯಾರು ಬರೆದದ್ದೆಂದು ಗೊತ್ತಿಲ್ಲದ ಒಂದು ಸಣ್ಣ ಪದ್ಯ. ಯಾರೋ ಸತ್ತಿದ್ದಾರೆ, ಉಳಿದವರಿಗೆ ಜನ ಸಮಾಧಾನ ಹೇಳುತ್ತಿದ್ದಾರೆ. ಕವಿ ಆ ಸಮಾಧಾನದ ಮಾತುಗಳನ್ನು ಒಂದು ಬೊಂಬೆಗೆ ಹೋಲಿಸಿದ್ದಾನೆ. ಮರಿ ಸತ್ತ ಒಂಟೆ ಆ ಬೊಂಬೆಯನ್ನು ಮೂಸಿ ಹಾಲು ಬಿಡುತ್ತದಂತೆ. ಇಂಗ್ಲಿಷಿನಲ್ಲಿ ಬೊಂಬೆ ಎಂದಷ್ಟೇ ಇತ್ತು. ನಮ್ಮ ಮನೆಯವರು ಆ ಮಾತಿನ ಜಾಗ ಖಾಲಿ ಬಿಟ್ಟು, "ಒಂಟೆಗೆ ಬೊಂಬೆ ಏಕೆ?" ಎಂದು ಪಕ್ಕದಲ್ಲಿ ಬರೆದಿದ್ದರು.

ಮೇಷ್ಟ್ರು ಆ ಮಾತಿಗೆ ಬಂದಾಗ ಪುಸ್ತಕವನ್ನೇ ನೋಡಲಿಲ್ಲ. "ಬವ್ವ್," ಎಂದರು. "ಅದು ಬೊಂಬೆ ಅಲ್ಲ ಟೀಚರಮ್ಮ. ಮರಿ ಸತ್ರೆ ಒಂಟೆ ಹಾಲು ಕೊಡಲ್ಲ. ಆಗ ಅರಬ್ ಜನ ಏನ್ ಮಾಡೋರು ಅಂದ್ರೆ, ಆ ಮರಿ ಚರ್ಮ ತೆಗ್ದು, ಒಳಗಡೆ ಒಣಹುಲ್ಲು ತುಂಬಿ..."

ಮುಂದಿನದನ್ನು ನಾನು ಹೇಳಿದೆ. "ಹೊಲಿದು, ತಾಯಿ ಮುಂದೆ ನಿಲ್ಲಿಸ್ತಾರೆ. ಅದು ನೆಕ್ಕುತ್ತೆ. ನೆಕ್ತಾ ನೆಕ್ತಾ ಹಾಲು ಇಳಿಸುತ್ತೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮಗೆಂಗೆ ಗೊತ್ತು?"

ನಾನು ಎಂಟು ವರ್ಷದವಳಿದ್ದಾಗ ತೋವಿನಕೆರೆಯ ನಮ್ಮ ಕೊಟ್ಟಿಗೆಯಲ್ಲಿ ಕಂಡದ್ದು ಅದು. ಕಂದು ಹಸು, ಮೊದಲನೇ ಕರು. ಕರು ಸತ್ತು ಎರಡು ದಿನ ಹಸು ಮೇವು ಮುಟ್ಟಲಿಲ್ಲ, ಹಾಲು ಕರೆಯಲು ಬಿಡಲಿಲ್ಲ. ಅಪ್ಪ ಚರ್ಮ ಸುಲಿಯುವವರನ್ನು ಕರೆಸಿ, ಅದರೊಳಗೆ ಹುಲ್ಲು ತುಂಬಿಸಿ ತಂದರು. ಮಕ್ಕಳು ನಾವು ಅದನ್ನು ಹುಲ್ಲಿನ ಕರು ಅನ್ನುತ್ತಿದ್ದೆವು. ಅದಕ್ಕೆ ಕಣ್ಣಿರಲಿಲ್ಲ. ಹಸು ಅದನ್ನು ನೆಕ್ಕುತ್ತಾ ನಿಲ್ಲುತ್ತಿತ್ತು, ಅವ್ವ ಹಾಲು ಕರೆಯುತ್ತಿದ್ದಳು. "ಅದಕ್ಕೆ ಗೊತ್ತಾಗಲ್ವೇನವ್ವ?" ಎಂದು ಒಂದು ದಿನ ಕೇಳಿದ್ದೆ. ಅವ್ವ ಚೆಂಬಿನಿಂದ ಕಣ್ಣು ತೆಗೆಯದೆ, "ಗೊತ್ತಿರ್ತದೆ ಕಣಮ್ಮ, ಏನ್ ಮಾಡೀತು" ಎಂದಿದ್ದಳು.

ಅವತ್ತು ಮೇಷ್ಟ್ರ ಮನೆಯಿಂದ ಬೇಗ ಎದ್ದು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಉಳಿದ ನಲವತ್ತು ಮಾತಿಗೆ ಅರಬ್ಬಿ ಬೇಕಿತ್ತು. ಇದೊಂದಕ್ಕೆ ಯಾವ ಅರಬ್ಬಿಯೂ ಬೇಡವಾಗಿತ್ತು. ದನ ಕಟ್ಟಿದ ಮನೆಯ ಮಗಳು ಒಳಗೆ ಅಡುಗೆ ಮಾಡುತ್ತಿದ್ದಳು, ಅವಳನ್ನು ಕೇಳಿದ್ದರೆ ಸಾಕಿತ್ತು. ಕೆಂಪು ಪೆನ್ನಿನ ಸಿಟ್ಟು ಇಷ್ಟು ವರ್ಷ ಇಟ್ಟುಕೊಂಡಿದ್ದರೇ ಎಂದು ನೋವಾಯಿತು. ಸತ್ತವರ ಮೇಲೆ ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಆ ಪುಟವನ್ನು ಕಿಟಕಿಯ ಹತ್ತಿರ ಹಿಡಿದು ಮತ್ತೆ ನೋಡಿದೆ. "ಒಂಟೆಗೆ ಬೊಂಬೆ ಏಕೆ?" ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೇನೋ ಬರೆದು ರಬ್ಬರಿನಿಂದ ಅಳಿಸಿದ್ದರು. ಹಾಳೆಯನ್ನು ಓರೆ ಮಾಡಿದರೆ ಒತ್ತಿ ಬರೆದ ಗುರುತು ಕಾಣುತ್ತಿತ್ತು. ಮೊದಲು ಅಕ್ಷರ ಕೂಡಲಿಲ್ಲ. ಆಮೇಲೆ ಕೂಡಿತು. "ದನ ಸಾಕಿದವರಿಗೆ ಗೊತ್ತಿರುತ್ತದೆ. ಇವಳನ್ನು ಕೇಳಬಹುದು." ಅದರ ಮುಂದೆ, ಸ್ವಲ್ಪ ಜಾಗ ಬಿಟ್ಟು, "ಬೇಡ. ಮರಿ ಸತ್ತದ್ದು."

ಅಲ್ಲೇ ಕಿಟಕಿಯ ಕೆಳಗೆ ಕೂತುಬಿಟ್ಟೆ. ಹಾಲಿನವಳು ಬಂದು ಬಾಗಿಲು ತಟ್ಟಿ, ಕೂಗಿ, ಹೋದಳು. ಏಳಲಾಗಲಿಲ್ಲ. ಆ ಹನ್ನೊಂದು ದಿನ ನನಗೊಬ್ಬಳಿಗೇ ನೆನಪಿದೆ ಎಂದುಕೊಂಡಿದ್ದೆ. ಅವರು ಪುಸ್ತಕದಲ್ಲಿ ಮುಖವಿಟ್ಟುಕೊಂಡು ಮರೆತರು ಎಂದು ಒಳಗೊಳಗೇ ದೂರುತ್ತಿದ್ದೆ. ಪುಸ್ತಕದ ಒಳಗೂ ಅದೇ ಅವರಿಗೆ ಎದುರಾಗಿತ್ತು. ನನಗೆ ನೋವಾದೀತೆಂದು ಒಂದು ಮಾತನ್ನು ಖಾಲಿ ಬಿಟ್ಟು ಪುಟ ತಿರುಗಿಸಿದ್ದರು.

ನಾಲ್ಕು ಭಾನುವಾರ ಶಿರಾಕ್ಕೆ ಹೋಗಲಿಲ್ಲ. ಐದನೇ ವಾರ ಮೇಷ್ಟ್ರೇ ಫೋನ್ ಮಾಡಿದರು. "ಏನಾಯ್ತು ಟೀಚರಮ್ಮ, ಮೈ ಸರಿಯಿಲ್ವಾ? ಇನ್ನು ನಾಕೇ ಲಫ್ಜ್ ಉಳಿದಿರೋದು. ನಂಗೂ ವಯಸ್ಸಾಯ್ತು, ಬೇಗ ಬನ್ನಿ." ಹೋದೆ. ಹೋಗಿ, ನೋಟ್‌ಬುಕ್ ತೆರೆಯುವ ಮೊದಲೇ ಎಲ್ಲ ಹೇಳಿದೆ. ಮಗು, ಹನ್ನೊಂದು ದಿನ, ಅಳಿಸಿದ ಪೆನ್ಸಿಲ್. ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದು ನನ್ನವರಲ್ಲದ ಒಬ್ಬರಿಗೆ.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ ಕೇಳಿದರು: "ಅವರು ಕೇಳಿದ್ರೆ ನೀವು ಹೇಳ್ತಿದ್ರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ಮೇಷ್ಟ್ರೇ. ಆವತ್ತಿನ ಹಾಗೆ ಎದ್ದು ಒಳಗೆ ಹೋಗ್ತಿದ್ದೆ ಅನ್ಸುತ್ತೆ."

"ಅವರಿಗೂ ಅಂಗೇ ಅನ್ನಿಸಿರ್ಬೇಕು," ಎಂದರು. "ಬರ್ಕಳಿ. ಆ ಜಾಗದಾಗೆ ನಿಮ್ಮೂರಲ್ಲಿ ಏನಂತಿದ್ರೋ ಅದನ್ನೇ ಬರ್ಕಳಿ."

ಅವರ ಮುಂದೆಯೇ, ಆ ಗೆರೆಯ ಮೇಲೆ, ನೀಲಿ ಶಾಯಿಯಲ್ಲಿ, ಕರುವನ್ನು ಒಂಟೆಗಾಗಿ ಮರಿ ಮಾಡಿ, ಹುಲ್ಲಿನ ಮರಿ ಎಂದು ಬರೆದೆ. ಅಕ್ಷರ ವಕ್ರವಾಯಿತು. ಹಾಗೇ ಬಿಟ್ಟೆ.

ಉಳಿದವು ಮುಗಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಕೊನೆಯ ಎರಡು ಮಾತುಗಳಿಗೆ ಮೇಷ್ಟ್ರಿಗೂ ಅರ್ಥ ಸಿಗಲಿಲ್ಲ. ಯಾವುದೋ ಗಿಡದ ಹೆಸರು ಒಂದು, ಇನ್ನೊಂದು ಕುದುರೆಯ ಸಾಮಾನು. ಅವು ಇವತ್ತಿಗೂ ಖಾಲಿ ಇವೆ. ಎಲ್ಲವನ್ನೂ ನಾನು ಬೇರೆ ಪುಸ್ತಕದಲ್ಲಿ ದುಂಡಗೆ ನಕಲು ಮಾಡಿದೆ. ನಮ್ಮ ಮನೆಯವರ ಹಳೆಯ ಶಿಷ್ಯರೊಬ್ಬರು ತುಮಕೂರಿನಲ್ಲಿ ಅಚ್ಚು ಹಾಕಿಸುತ್ತೇನೆಂದು ತೆಗೆದುಕೊಂಡು ಹೋಗಿದ್ದಾರೆ. ನಾನು ಅವಸರ ಮಾಡಿಲ್ಲ.

ಈ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದದ್ದು ತಡವಾಗಿ. ನಾನು ಹೋದಾಗ ಒಂದು ವಾರ ಆಗಿತ್ತು. ಅವರ ಹೆಂಡತಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅವರ ಕಡೆ ಗಂಡ ಹೋದಮೇಲೆ ನಾಲ್ಕು ತಿಂಗಳು ಹೊರಗೆ ಬರುವ ಹಾಗಿಲ್ಲ. ಆ ಕೋಣೆಯ ಒಳಗೆ ನಾನು ಕಾಲಿಟ್ಟದ್ದು ಅವತ್ತೇ ಮೊದಲು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಸಮಾಧಾನದ ಯಾವ ಮಾತೂ ಬಾಯಿಗೆ ಬರಲಿಲ್ಲ.

ಅವರೇ ಮಾತು ತೆಗೆದರು. "ಟೀಚರಮ್ಮ, ಒಂದ್ ಕೇಳ್ಲಾ? ತಪ್ಪು ತಿಳ್ಕಬೇಡಿ."

"ಕೇಳಿ."

"ಎರಡು ವರ್ಷ ನಾನು ಟೀ ತಂದ್ ಇಟ್ಟು ಹೋಗ್ತಿದ್ದೆ. ಒಳಗೆ ಕೂತು ಇಬ್ರು ದನಿನೂ ಕೇಳ್ತಿದ್ದೆ. ಒಂದಿನ ನೀವು ಅಳ್ತಾ ಇದ್ರಿ. ಇವರನ್ನ ಕೇಳ್ದೆ, ಏನಂತ. ಅದು ಕಿತಾಬಿನ ವಿಷ್ಯ, ನಿಂಗೆ ತಿಳಿಯಲ್ಲ ಅಂದ್ಬುಟ್ರು. ನೀವೂ ಹೇಳ್ಲಿಲ್ಲ. ಅದ್ರಲ್ಲಿ ಅಂಥಾದ್ದೇನಿತ್ತು?"

ಎರಡು ವರ್ಷ ಆ ಹೆಂಗಸಿನ ಕೈಯ ಟೀ ಕುಡಿದಿದ್ದೆ. ಒಂದು ದಿನವೂ ಬನ್ನಿ, ಕೂತುಕೊಳ್ಳಿ, ಎಂದು ಕರೆದಿರಲಿಲ್ಲ. ಚೀಲದಲ್ಲಿ ನೋಟ್‌ಬುಕ್ ಇರಲಿಲ್ಲ. ನೆನಪಿದ್ದ ಹಾಗೆ, ಪುಸ್ತಕದ ಕನ್ನಡ ಬಿಟ್ಟು, ನಮ್ಮೂರಿನ ಮಾತಿನಲ್ಲಿ ಆ ಪದ್ಯ ಹೇಳಿದೆ. ಯಾರೋ ಸತ್ತದ್ದು, ಊರಿನವರು ಬಂದು ಸಮಾಧಾನ ಹೇಳಿದ್ದು, ಮರಿ ಸತ್ತ ಒಂಟೆ ಹುಲ್ಲು ತುಂಬಿದ ಚರ್ಮವನ್ನು ಮೂಸಿದ್ದು. ಅವರು ಕೇಳುತ್ತಾ ಕೇಳುತ್ತಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ಮುಗಿದಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದುಕೊಂಡೆ.

"ಇವರು ಇಂಥವೆಲ್ಲ ಓದ್ತಿದ್ರಾ," ಎಂದರು, ಕಣ್ಣು ತೆರೆಯದೆಯೇ. ಆಮೇಲೆ, "ಇನ್ನೊಂದು ಇದ್ರೆ ಹೇಳಮ್ಮ" ಎಂದರು.

ಹೇಳಿದೆ. ಮೂರು ಗಂಟೆಯ ಬಸ್ಸು ಹೋಯಿತು, ನಾಲ್ಕರದ್ದೂ ಹೋಯಿತು. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು.